ರತ್ನಗಂಬಳಿಯನ್ನು ಮಗುಚಿ ನೋಡಿದರೆ

ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ನಮ್ಮ ಖಾಲಾ ಇದ್ದಾರೆ. ಎಂಬತ್ತು ದಾಟಿದ ಜೀವ. ಅವರ ಮಗ, ಅಂದರೆ ನಮ್ಮ ತಮ್ಮ, ದಮ್ಮಾಮಿನಲ್ಲಿ ಹದಿನಾಲ್ಕು ವರ್ಷ ದುಡಿದು ಬಂದು ಹಳೆಯ ಮಾಳಿಗೆ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಅದರ ದಾವತ್ತಿಗೆ ನಾವೂ ಹೋಗಿದ್ದೆವು. ಬಂದವರೆಲ್ಲ ಮನೆ ನೋಡುವ ಮೊದಲು ಹಾಲ್‌ನಲ್ಲಿ ಹಾಸಿದ್ದ ರತ್ನಗಂಬಳಿಯನ್ನು ನೋಡಬೇಕಿತ್ತು. ಕೆಂಪು ನೆಲ, ನಡುವೆ ನೀಲಿ ಪದಕ, ಅಂಚಿಗೆ ಸುತ್ತಲೂ ಬಳ್ಳಿ. ಬೆಂಗಳೂರಿನ ಅಂಗಡಿಯೊಂದರಲ್ಲಿ ಎಂಬತ್ತೈದು ಸಾವಿರ ಕೊಟ್ಟು ತಂದದ್ದು. ಜೊತೆಗೊಂದು ಕಾಗದವೂ ಇತ್ತು: ಪರ್ಷಿಯನ್, ಕೈನೇಯ್ಗೆ, ಅಪ್ಪಟ ಉಣ್ಣೆ, ಅರವತ್ತು ವರ್ಷದ ವಿಂಟೇಜ್. ಮಕ್ಕಳು ಅದನ್ನು ತುಳಿಯುವಂತಿರಲಿಲ್ಲ. ಚಹಾದ ಕಪ್ಪು ಹಿಡಿದವರು ಅದರ ಅಂಚಿನಲ್ಲೇ ನಿಲ್ಲಬೇಕಿತ್ತು. 'ನಮ್ಮ ಕಲ್ಚರ್ ಭಾಯಿ ಇದು' ಎಂದು ತಮ್ಮ ನಮಗೆ ಹೇಳಿದ.

ಖಾಲಾ ಮಾತ್ರ ಏನೂ ಹೇಳಲಿಲ್ಲ. ಜನ ಕರಗಿದ ಮೇಲೆ ಕೋಲೂರಿಕೊಂಡು ಬಂದು, ಕೂತು, ಅದರ ಒಂದು ಎಳೆಯನ್ನು ಉಗುರಿನಲ್ಲಿ ಕಿತ್ತು, ಬೆಂಕಿಕಡ್ಡಿ ಗೀರಿ ಹಿಡಿದರು. ಎಳೆ ಸುರುಟಿಕೊಂಡು ಕರಗಿ ಗಟ್ಟಿ ಮಣಿಯಾಯಿತು. ಖಾಲಾ ಅದನ್ನು ಮೂಸಿ ನೋಡಿ, ನಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: 'ಇದು ಕುರಿ ಅಲ್ಲ ಬೇಟಾ, ಬಿಂದಿಗೆ.' ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಮಣಿಯಾಗುವುದು ಪ್ಲಾಸ್ಟಿಕ್ಕು. ಕಂಬಳಿಯ ಮೇಲೆ ಹುಟ್ಟಿ, ಕಂಬಳಿಯ ಮೇಲೆ ಆರು ಮಕ್ಕಳನ್ನು ಹೆತ್ತ ಹೆಂಗಸಿಗೆ ಇದನ್ನು ತಿಳಿಯಲು ಯಾವ ಕಾಗದವೂ ಬೇಕಿರಲಿಲ್ಲ.

ಆಗ ನಮಗೆ ನೆನಪಾಯಿತು, ಆ ಮನೆಯಲ್ಲಿ ಒಂದು ಕರಿ ಕಂಬಳಿ ಇತ್ತಲ್ಲ? ಕೇಳಿದೆವು. ಹಿತ್ತಿಲಲ್ಲಿ ಸಂಪಿನ ಮೋಟಾರಿನ ಮೇಲೆ ಮಳೆ ಬೀಳದಂತೆ ಹೊದಿಸಿದ್ದಾರೆ ಎಂದು ತಿಳಿಯಿತು. ಖಾಲೂ ಬಳೆ ಮಲಾರ ಹೊತ್ತು ಊರೂರು ತಿರುಗಿ ಮಾರುತ್ತಿದ್ದವರು. ನಲವತ್ತೈದು ವರ್ಷದ ಹಿಂದೆ ಒಂದು ಕುರುಬರ ಮನೆಯ ಮದುವೆಗೆ ಹೆಂಗಸರಿಗೆಲ್ಲ ಬಳೆ ತೊಡಿಸಿ, ಹಣದ ಬದಲು ತಂದ ಕಂಬಳಿ ಅದು. ಕೈಯಲ್ಲಿ ನೂತು, ಕೈಯಲ್ಲಿ ನೇಯ್ದದ್ದು. ಅಪ್ಪಟ ಉಣ್ಣೆ. ಹಳೆಯದು. ಅಂಗಡಿಯ ಕಾಗದದಲ್ಲಿದ್ದ ಮಾತೆಲ್ಲವೂ, 'ಪರ್ಷಿಯನ್' ಎಂಬ ಒಂದು ಶಬ್ದ ಬಿಟ್ಟರೆ, ಮೋಟಾರಿನ ಮೇಲಿದ್ದ ಆ ವಸ್ತುವಿಗೇ ಹೊಂದುತ್ತಿತ್ತು.

ಮೋಸ ಹೋದ ತಮ್ಮನನ್ನು ಆಡಿಕೊಳ್ಳುವುದು ಸುಲಭ. ಆದರೆ ನಮ್ಮ ಮನೆಯಲ್ಲೂ ಇಂಥದೇ ಒಂದು ಇದೆ, ಅದಕ್ಕಿಂತ ಅಗ್ಗದ್ದು. ಮಧ್ಯಮವರ್ಗಕ್ಕೆ ಏರಿದ ನಮ್ಮ ಮುಸ್ಲಿಂ ಮನೆಗಳಲ್ಲಿ, ಹಾಗೆಯೇ ನಮ್ಮ ಮುಸ್ಲಿಮೇತರ ಗೆಳೆಯರ ಅಪಾರ್ಟ್‌ಮೆಂಟುಗಳಲ್ಲಿ, ಹಳೆಯ ಪರ್ಷಿಯನ್ ಕಾರ್ಪೆಟ್ ಎನ್ನುವುದು ಈಗ ನೆಲಕ್ಕೆ ಹಾಸುವ ವಸ್ತುವಾಗಿ ಉಳಿದಿಲ್ಲ. ಅದು ಮನೆಯ ಯಜಮಾನ ಯಾರು, ಎಲ್ಲಿಂದ ಬಂದವನು ಎಂಬುದರ ವಿಳಾಸ. ಆ ವಿಳಾಸ ಸುಳ್ಳು ಎಂಬುದೇ ನಮ್ಮ ತಕರಾರು.

ಕೊಳ್ಳಲೇಬೇಕೆನ್ನುವವರಿಗಾಗಿ ಮೊದಲು ಎರಡು ಮಾತು. ಕಾರ್ಪೆಟ್ಟಿನ ಚೆಂದ ನೋಡಬೇಡಿ, ಮಗುಚಿ ಬೆನ್ನು ನೋಡಿ. ಕೈಯಲ್ಲಿ ಗಂಟು ಹಾಕಿದ್ದಾದರೆ ಮೇಲಿನ ಚಿತ್ತಾರ ಬೆನ್ನಲ್ಲೂ ಅಷ್ಟೇ ಸ್ಪಷ್ಟವಾಗಿರುತ್ತದೆ, ಗಂಟುಗಳು ಒಂದು ಸಣ್ಣ, ಒಂದು ದಪ್ಪ, ಹೀಗೆ ಏರುಪೇರಾಗಿರುತ್ತವೆ. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಅನುಮಾನಿಸಿ. ತುದಿಯ ಕುಚ್ಚು ಹಾಸುನೂಲಿನದೇ ಮುಂದುವರಿಕೆಯಾಗಿರಬೇಕು, ಆಮೇಲೆ ಹೊಲಿದದ್ದಾಗಿರಬಾರದು. ಒಂದೇ ಕೆಂಪು ಅಲ್ಲಲ್ಲಿ ತಿಳಿಯಾಗಿ, ಅಲ್ಲಲ್ಲಿ ಗಾಢವಾಗಿ ಪಟ್ಟೆ ಬಿದ್ದಂತಿದ್ದರೆ ಅದನ್ನು ದೋಷ ಎನ್ನಬೇಡಿ. ಬಣ್ಣ ಅದ್ದಿದ ನೂಲು ತೀರಿ, ಮತ್ತೊಂದು ಸಲ ಅದ್ದಿ ತಂದಾಗ ಹಾಗಾಗುತ್ತದೆ. ಅಬ್ರಶ್ ಎನ್ನುತ್ತಾರೆ. ಇನ್ನು 'ಹಳೆಯದು' ಎಂಬ ಮಾತು. ರಾಸಾಯನಿಕದಲ್ಲಿ ತೊಳೆದು, ಚಹಾದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹರವಿ, ಕೂದಲನ್ನು ಬೋಳಿಸಿ ಹೊಸದನ್ನು ಹಳೆಯದು ಮಾಡುವುದು ಆ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ. ಗೊತ್ತಿಲ್ಲದಿರುವುದು ದುಡ್ಡು ಕೊಡುವ ನಮಗೆ ಮಾತ್ರ.

ಆದರೆ ತಮ್ಮ ತಂದದ್ದು ನಿಜವಾದ ಪರ್ಷಿಯನ್ನೇ ಆಗಿದ್ದರೆ? ಆಗಲೂ ನಾವು ಈ ಲೇಖನ ಬರೆಯುತ್ತಿದ್ದೆವು.

ನಿಜವಾದ ರತ್ನಗಂಬಳಿ ಮನುಷ್ಯನ ಕೈ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು. ಅದನ್ನು ಹೀಗಳೆಯುವಷ್ಟು ಕುರುಡರು ನಾವಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಅರ್ದಬೀಲ್ ಕಾರ್ಪೆಟ್ ಎಂಬುದೊಂದಿದೆ. ಹತ್ತೂವರೆ ಮೀಟರ್ ಉದ್ದ, ಐದು ಮೀಟರಿಗೂ ಹೆಚ್ಚು ಅಗಲ, ಎರಡೂವರೆ ಕೋಟಿಗೂ ಮಿಕ್ಕಿದ ಗಂಟುಗಳು. ಹಿಜರಿ 946, ಅಂದರೆ 1539-40ರಲ್ಲಿ ಮುಗಿದದ್ದು. ಕಾಶಾನಿನ ಮಕ್ಸೂದ್ ಎಂಬ ಹೆಸರು ಅದರಲ್ಲೇ ನೇಯ್ದಿದೆ. ಆದರೆ ಅದು ಲಂಡನ್ನಿಗೆ ಹೋದ ಕಥೆ ಕೇಳಿ. ಅರ್ದಬೀಲಿನಲ್ಲಿ ಇದ್ದದ್ದು ಒಂದೇ ತೆರನ ಎರಡು ಕಾರ್ಪೆಟ್ಟುಗಳು. ಎರಡೂ ಸವೆದಿದ್ದವು. ವ್ಯಾಪಾರಿಗಳು ಒಂದನ್ನು ಕತ್ತರಿಸಿ, ಅದರ ತುಂಡುಗಳಿಂದ ಇನ್ನೊಂದಕ್ಕೆ ತೇಪೆ ಹಾಕಿ, 'ಅಖಂಡ'ವಾದದ್ದನ್ನು 1893ರಲ್ಲಿ ಎರಡು ಸಾವಿರ ಪೌಂಡಿಗೆ ಮಾರಿದರು. ಅಂಚು ಕಳೆದುಕೊಂಡ ಇನ್ನೊಂದು ಇಂದು ಅಮೆರಿಕದ ಲಾಸ್ ಏಂಜಲೀಸಿನಲ್ಲಿದೆ. ಕೊಳ್ಳುವವನ ಕಣ್ಣಿಗೆ ಒಂದು ಪೂರ್ಣವಾಗಿ ಕಾಣಬೇಕಾದರೆ ಇನ್ನೊಂದು ಹರಿಯಬೇಕು. ಹಳೆಯದನ್ನು ಸಂಗ್ರಹಿಸುವ ಅಭಿರುಚಿಯ ಬಗ್ಗೆ ಯಾರಾದರೂ ನಮ್ಮೆದುರು ಹೆಮ್ಮೆಯಿಂದ ಮಾತಾಡಿದಾಗ ನಮಗೆ ಈ ಎರಡನೆಯ ಕಾರ್ಪೆಟ್ಟು ನೆನಪಾಗುತ್ತದೆ.

ವಿಂಟೇಜ್ ಎಂಬುದು ಮರದಲ್ಲಿ ಬಿಡುವ ಹಣ್ಣಲ್ಲ. ಅರವತ್ತು ವರ್ಷ ಒಂದು ಮನೆಯಲ್ಲಿ ಹಾಸಿದ್ದ ಕಾರ್ಪೆಟ್ಟು ಪೇಟೆಗೆ ಬಂತೆಂದರೆ ಆ ಮನೆಯಲ್ಲಿ ಸಾವೋ, ಸಾಲವೋ, ವಲಸೆಯೋ ಆಗಿರುತ್ತದೆ. ಅದರ ಗಂಟು ಹಾಕಿದವರು ಬಹುಪಾಲು ಹೆಂಗಸರು ಮತ್ತು ಮಕ್ಕಳು. ಕೆರ್ಮಾನಿನ ಮಗ್ಗಗಳ ಮುಂದೆ ಕೂತು ಕಾಲು ಸೊಟ್ಟಗಾದ ಮಕ್ಕಳ ಬಗ್ಗೆ 1920ರ ದಶಕದಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ದನಿ ಎತ್ತಿತ್ತು. ನಮ್ಮ ದೇಶದ ಮಿರ್ಜಾಪುರ, ಭದೋಹಿಗಳ ಕಥೆಯೂ ಬೇರೆಯಲ್ಲ. ಮಕ್ಕಳ ದುಡಿಮೆಯಿಲ್ಲದ ಕಾರ್ಪೆಟ್ಟಿಗೆ ಗುರುತುಪಟ್ಟಿ ಕೊಡುವ ಏರ್ಪಾಡು ಶುರುವಾದದ್ದು 1994ರಲ್ಲಿ. ವಿಂಟೇಜ್ ಎಂದು ನಾವು ಹುಡುಕುವುದು ಅದಕ್ಕಿಂತ ಹಿಂದಿನವನ್ನು ತಾನೆ?

ಇನ್ನೊಂದು ತಮಾಷೆ ಇದೆ. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಅವರು ಬೆಂಗಳೂರಿನ ಕಾರ್ಪೆಟ್ಟುಗಳನ್ನು ಹೊಗಳಿದ್ದಾರೆ. ಎರಡೂ ಬದಿಗೆ ಒಂದೇ ಚಿತ್ತಾರ ಬರುವಂತೆ ನೇಯುತ್ತಿದ್ದರಂತೆ, ಬಾಳಿಕೆಗೆ ಹೆಸರಾಗಿದ್ದವಂತೆ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಪರ್ಷಿಯಾ ಮತ್ತು ತುರ್ಕಿಯ ನಮೂನೆಗಳನ್ನು ನೋಡಿ ಕೈದಿಗಳು ನೇಯ್ದ ಕಾರ್ಪೆಟ್ಟುಗಳು ಹಿಂದೂಸ್ತಾನದಲ್ಲೇ ಶ್ರೇಷ್ಠವಾದವು ಎಂಬುದು ಅವರ ಅಭಿಪ್ರಾಯ. ಹಾಗಾಗಿ ಓದುಗರ ಅಜ್ಜನ ಕಾಲದ ಪರ್ಷಿಯನ್ ಕಾರ್ಪೆಟ್ಟು ಇಸ್ಫಹಾನಿನದೇ ಆಗಿರಬೇಕೆಂದಿಲ್ಲ. ಕುರಿ ಕದ್ದು ಜೈಲು ಸೇರಿದ ನಮ್ಮದೇ ಸೀಮೆಯ ಒಬ್ಬ ಅದನ್ನು ನೇಯ್ದಿದ್ದರೂ ನೇಯ್ದಿರಬಹುದು.

ಇರಲಿ. 'ನಮ್ಮ ಕಲ್ಚರ್' ಎಂಬ ತಮ್ಮನ ಮಾತಿಗೆ ಬರೋಣ.

ನಾವು ಓದಿದ ಉರ್ದು ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ನಾವು 'ನಕ್ಕೋ', 'ಹೌ' ಎಂದರೆ ಕೈಗೆ ಬೆತ್ತದ ಏಟು ಬೀಳುತ್ತಿತ್ತು. ಅದು ದಖ್ಖನಿ, ಗಂವಾರರ ಮಾತು, ಲಕ್ನೋದವರಂತೆ ಮಾತಾಡಿ ಎನ್ನುತ್ತಿದ್ದರು. ಮೇಷ್ಟ್ರು ಕೂಡ ಲಕ್ನೋ ಕಂಡವರಲ್ಲ. ಮನೆಗೆ ಬಂದರೆ ಅಮ್ಮ ಅದೇ ದಖ್ಖನಿಯಲ್ಲಿ ಊಟಕ್ಕೆ ಕರೆಯುತ್ತಿದ್ದರು. ನಮ್ಮದಲ್ಲದ ದೂರದ ಊರೊಂದನ್ನು ತಾಯಿಬೇರೆಂದು ಹೇಳಿಕೊಳ್ಳುವ ರೋಗ ಅಲ್ಲಿಂದಲೇ ಹತ್ತಿತು. ಇವತ್ತಿನ ಹಾಲ್‌ನಲ್ಲಿ ಹಾಸಿರುವುದು ಅದೇ ರೋಗ. ಕನ್ನಡ ಗೋಷ್ಠಿಯೊಂದರಲ್ಲಿ ಸಜ್ಜನರೊಬ್ಬರು, 'ನಿಮ್ಮ ಪೂರ್ವಿಕರು ಪರ್ಷಿಯಾದ ಕಡೆಯವರಲ್ಲವೇ?' ಎಂದು ನಮ್ಮನ್ನು ಪ್ರೀತಿಯಿಂದಲೇ ಕೇಳಿದ್ದರು. ನಮಗೆ ಸಿಟ್ಟು ಬಂದಿತ್ತು. ಆದರೆ ಅವರು ಹಿಂದಿನ ವಾರ ನಮ್ಮ ಮನೆಗೆ ಬಂದು, ನಾವು ಹಾಸಿದ್ದನ್ನು ನೋಡಿ, ನಾವೇ ಬಡಾಯಿಯಿಂದ ವರ್ಣಿಸಿದ್ದನ್ನು ಕೇಳಿಕೊಂಡು ಹೋಗಿದ್ದರು. ನಮ್ಮನ್ನು ಹೊರಗಿನವರೆನ್ನುವವರ ವಿರುದ್ಧ ಲೇಖನ ಬರೆಯುವ ನಾವು, ಹೊರಗಿನವರೆಂಬ ಪ್ರಮಾಣಪತ್ರವನ್ನು ದುಡ್ಡು ಕೊಟ್ಟು ತಂದು ನೆಲಕ್ಕೆ ಹಾಸಿಕೊಳ್ಳುವುದು ಯಾವ ಸೀಮೆಯ ಜಾಣತನ?

ದಖ್ಖನಿಗೆ ಪರ್ಷಿಯಾದ ನಂಟೇ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ವಿಜಯಪುರದ ಗೋಳಗುಮ್ಮಟದ ಮುಂದಿನ ಸಂಗ್ರಹಾಲಯಕ್ಕೆ ಹೋದರೆ ಅಸಾರ್ ಮಹಲಿನ ಹಳೆಯ ರತ್ನಗಂಬಳಿಗಳನ್ನು ನೋಡಬಹುದು. ಆದಿಲ್‌ಶಾಹಿ ದರ್ಬಾರಿನಲ್ಲಿ ಫಾರಸಿ ಬಲ್ಲವರು ತುಂಬಿದ್ದರು. ಆದರೆ ಆ ಕಂಬಳಿಯ ಮೇಲೆ ಕೂತವರು ನಮ್ಮ ಅಜ್ಜಂದಿರಲ್ಲ. ನಮ್ಮವರು ಬಳೆ ಮಾರಿದವರು, ಹತ್ತಿ ಹಿಂಜಿದವರು, ಲಾಳ ಹೊಡೆದವರು, ಸಂತೆಯಲ್ಲಿ ಚರ್ಮ ಕೊಂಡವರು. ಪಿಂಜಾರನ ಹೆಗಲ ಮೇಲಿನ ಬಿಲ್ಲು, ಉಣ್ಣೆ ಹಿಂಜುವ ಕುರುಬನ ಬಿಲ್ಲು ಅಣ್ಣತಮ್ಮಂದಿರು. ಆ ತಂತಿಯ ಟೊಂಯ್ ಸದ್ದು ಎರಡೂ ಕೇರಿಗಳಿಗೆ ಒಂದೇ.

ಕನ್ನಡ ಭಾಷೆಗೆ ಈ ವಿವೇಕ ನಮಗಿಂತ ಮೊದಲೇ ಇತ್ತು. ಅರಮನೆಯ ಚಿತ್ತಾರದ ಹಾಸನ್ನು ಕಂಡಾಗ ಅದು ಹೊಸ ಹೆಸರು ಹುಡುಕಲಿಲ್ಲ. ರತ್ನದಂಥ ಕಂಬಳಿ, ರತ್ನಗಂಬಳಿ ಎಂದಿತು. ಉರ್ದುವಿಗೂ ಇದು ಗೊತ್ತು. ನಾತ್ ಹಾಡುವವರು ಪ್ರವಾದಿಯವರನ್ನು (ಸ) ಪ್ರೀತಿಯಿಂದ ಕರೆಯುವುದು ಕಾಲಿ ಕಮ್ಲಿವಾಲೆ ಎಂದು, ಕರಿ ಕಂಬಳಿಯವರೆಂದು. ಸೂಫ್ ಎಂದರೆ ಉಣ್ಣೆ. ಸೂಫಿ ಎಂಬ ಮಾತೇ ಅದರಿಂದ ಬಂತೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಹಾಲುಮತದವರಿಗೆ ಕರಿ ಕಂಬಳಿ ಹಾಸಿದರೆ ಅದೇ ಗದ್ದಿಗೆ. ಮೈಲಾರನ ಗೊರವಯ್ಯ ಹೊದೆಯುವುದೂ ಅದನ್ನೇ. ಹಾಡಿನಲ್ಲಿ ಕಂಬಳಿಗೆ ಕಣ್ಣೀರು ಹಾಕುತ್ತೇವೆ, ಮನೆಯಲ್ಲಿ ಅದನ್ನು ಮೋಟಾರಿಗೆ ಹೊದಿಸುತ್ತೇವೆ.

ಈಗ ಕಂಬಳಿಯ ಬೆಲೆ. ಎರಡು ವರ್ಷದ ಹಿಂದೆ ಚಳ್ಳಕೆರೆ ಕಡೆಯ ಒಬ್ಬ ನೇಕಾರರ ಬಳಿ ನಾವು ಕಂಬಳಿ ಕೇಳಿದೆವು. ಎರಡು ಸಾವಿರದ ಇನ್ನೂರು ಎಂದರು. ನಾವು ಸಾವಿರದ ಐನೂರಕ್ಕೆ ಇಳಿಸಿದೆವು. ಅವರು ಕಂಬಳಿ ಮಡಚುತ್ತಾ, 'ಸಾಬ್ರೆ, ಕಾರ್ಪೆಟ್ ಅಂಗಡ್ಯಾಗೂ ಹಿಂಗೇ ಚೌಕಾಸಿ ಮಾಡ್ತೀರೇನು?' ಎಂದರು. ನಗುತ್ತಲೇ ಅಂದರು. ಏಳುನೂರು ರೂಪಾಯಿ ಉಳಿಸಿಕೊಂಡು ಬಂದ ನಮಗೆ ಆ ನಗು ಇವತ್ತಿಗೂ ಚುಚ್ಚುತ್ತದೆ, ಕಂಬಳಿಗಿಂತ ಹೆಚ್ಚಾಗಿ.

ಆ ಎರಡು ಸಾವಿರದಲ್ಲಿ ಏನೇನಿದೆ ಎಂದು ಲೆಕ್ಕ ಹಾಕಿ. ಕುರಿಯ ಉಣ್ಣೆ ಕತ್ತರಿಸಬೇಕು. ಕಸ, ಮುಳ್ಳು ಆರಿಸಿ, ಬಿಲ್ಲಿನಲ್ಲಿ ಹಿಂಜಬೇಕು. ಮನೆಯ ಹೆಂಗಸರು ರಾಟೆಯಲ್ಲಿ ನೂಲಬೇಕು. ಅಷ್ಟಾದ ಮೇಲೆ ಹುಣಸೆ ಬೀಜ ಅರೆದು ಬೇಯಿಸಿದ ಗಂಜಿಯನ್ನು ಹಾಸುನೂಲಿಗೆ ಬಳಿದು ಒಣಗಿಸಬೇಕು. ಆ ಗಂಜಿಯಿಂದಲೇ ಕಂಬಳಿಗೆ ಬಿಗಿ ಬರುವುದು. ಕೊನೆಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಬಣ್ಣದ ಮಾತೇ ಇಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು. ನಮಗೆ ಎರಡು ಸಾವಿರ ದುಬಾರಿ ಎನಿಸಿದ್ದು ಈ ಕೆಲಸ ಕಾಣದಿದ್ದುದರಿಂದಲ್ಲ, ಕೆಲಸ ಮಾಡಿದವರು ಪಕ್ಕದೂರಿನವರಾದ್ದರಿಂದ.

ಕಂಬಳಿ ಚುಚ್ಚುತ್ತದೆ ಎಂದು ನಮ್ಮ ಮನೆಯಲ್ಲೇ ಹೇಳುತ್ತಾರೆ. ಹೌದು, ಚುಚ್ಚುತ್ತದೆ. ಕಂಬಳಿಯ ಮೇಲೆ ಕೂತು ಊಟದಲ್ಲಿ ಕೂದಲು ಎಂದರೆ ಹೇಗೆ? ನಮ್ಮ ಬಯಲುಸೀಮೆಯ ಕುರಿಯದು ಒರಟು ಉಣ್ಣೆ, ಶಾಲಿಗೆ ಒಗ್ಗುವುದಿಲ್ಲ. ಆದರೆ ತುಳಿಯುವ ನೆಲಕ್ಕೆ ಬೇಕಿರುವುದು ಅಂಥ ಗಟ್ಟಿ ಉಣ್ಣೆಯೇ, ಉಣ್ಣೆಯ ವ್ಯಾಪಾರದವರು ಇದನ್ನು ಕಾರ್ಪೆಟ್ ಉಣ್ಣೆ ಎಂದೇ ಕರೆಯುವುದು. ಆ ಕುರಿಯ ಹೆಸರು ಕೇಳಿದರೆ ನಮ್ಮ ಉರ್ದು ಮೇಷ್ಟ್ರು ಏನನ್ನುತ್ತಿದ್ದರೋ, ಅದೂ ದಖ್ಖನಿಯೇ. ಭದೋಹಿಯವರು ಕಾರ್ಪೆಟ್ಟಿಗಾಗಿ ನ್ಯೂಜಿಲೆಂಡಿನಿಂದ ಉಣ್ಣೆ ತರಿಸುತ್ತಾರೆ. ಇಲ್ಲಿ ಕೊಳ್ಳುವವರಿಲ್ಲದೆ ಕುರಿಗಾಹಿ ಉಣ್ಣೆ ಕತ್ತರಿಸಲು ತಾನೇ ಕೂಲಿ ಕೊಟ್ಟು, ಕತ್ತರಿಸಿದ್ದನ್ನು ಬೇಲಿಗೆ ಎಸೆಯುವ ಸ್ಥಿತಿ ಬಂದಿದೆ. ಹಾಗಾದ ಮೇಲೆ ಆತ ಉಣ್ಣೆಯ ಕುರಿ ಏಕೆ ಸಾಕಬೇಕು? ಬೇಗ ತೂಕ ಬರುವ, ಮೈಮೇಲೆ ಉಣ್ಣೆಯೇ ಇಲ್ಲದ ತಳಿಗೆ ಹೋಗುತ್ತಾನೆ. ಬಕ್ರೀದಿಗೆ ಅದನ್ನೇ ನಾವೂ ಹುಡುಕುವುದು, ಸುಳ್ಳೇಕೆ.

ಹುಲ್ಲಿನ ಕಥೆ ಇನ್ನೂ ಕಹಿ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆಯಷ್ಟು ಹುಲ್ಲುಗಾವಲು 2010ರ ಆಸುಪಾಸಿನಲ್ಲಿ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳ ಪಾಲಾಯಿತು. ಗೋಡೆ ಎದ್ದಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಬೀದಿಗಿಳಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ನಮ್ಮ ಅಂಜುಮನ್‌ಗಳಾಗಲಿ, ಜಮಾತ್‌ಗಳಾಗಲಿ ಅದು ತಮ್ಮ ಸಂಗತಿಯೆಂದು ಒಂದು ಮಾತು ಆಡಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ನಾವೂ ಆಡಲಿಲ್ಲ. ಕುರಿ ಕುರುಬರದು, ಕಾರ್ಪೆಟ್ಟು ನಮ್ಮದು ಎಂದು ಪಾಲು ಹಾಕಿಕೊಂಡು ಕೂತಿದ್ದೆವು.

ಬೇರೆಯವರ ಮಾತು ಬಿಡಿ, ನಮ್ಮವರದನ್ನಾದರೂ ಕೊಂಡೆವೇ? ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನ ನೇಯುವವರು ಮುಸ್ಲಿಂ ಹೆಂಗಸರು. ನೂಲು ಹತ್ತಿಯದು, ಮಗ್ಗ ಮನೆಯೊಳಗೆ ನಿಲ್ಲಿಸಿದ್ದು. ನವಿಲು, ಪಗಡೆಹಾಸಿನ ಚಿತ್ತಾರ. ವಿದ್ಯೆ ಬೇರೆ ಮನೆಗೆ ಹೋಗಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರಂತೆ. ಈಗ ಕಲಿಯುವ ಸೊಸೆಯೂ ಇಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿವೆ. ಅವರು ಜಾನಮಾಜನ್ನೂ ನೇಯುತ್ತಾರೆ. ನಮ್ಮ ಮಸೀದಿಗಳಲ್ಲಿ ಮಾತ್ರ ಯಂತ್ರದಲ್ಲಿ ಮಾಡಿದ ವಿದೇಶಿ ಸುರುಳಿಗಳು ಗೋಡೆಯಿಂದ ಗೋಡೆಗೆ ಹರಡಿಕೊಂಡಿವೆ. ಅವುಗಳ ಮೇಲೆ ಹಣೆ ಇಡುವಾಗ ಎಷ್ಟು ಮೆತ್ತಗಿದೆ ಎಂದು ನಾವೂ ಮೆಚ್ಚಿದ್ದೇವೆ.

ಕೊಳ್ಳುವುದು ಅವರವರ ಇಷ್ಟ, ಇದರಲ್ಲಿ ಕೇರಿ, ಕಾವಲು ಎಲ್ಲ ಏಕೆ ಎಳೆದು ತರುತ್ತೀರಿ ಎಂದು ಓದುಗರು ಕೇಳಬಹುದು. ಅವರು ಒಮ್ಮೆ ಮತ್ತೋಡಿಗೆ ಬರಬೇಕು. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ಊರಿನ ಗಾಜಿನ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಹಸಿರು, ಕಪ್ಪು, ಕೆಂಪು, ನೀಲಿ, ಹಳದಿ, ಐದು ಬಣ್ಣದ ಗಾಜು ಇಲ್ಲಿ ಕರಗಿ ಹೆಂಗಸರ ಕೈಗೆ ಬಳೆಯಾಗುತ್ತಿತ್ತು. ಅದಕ್ಕಿಂತ ನಯವಾದ, ಅಗ್ಗವಾದ ಬಳೆ ದೂರದಿಂದ ಬಂದಾಗ ಎಲ್ಲರೂ ಅವರವರ ಇಷ್ಟದ ಪ್ರಕಾರವೇ ಕೊಂಡರು. ಯಾರೂ ಯಾರಿಗೂ ಅನ್ಯಾಯ ಮಾಡಲಿಲ್ಲ. ನಮ್ಮ ಖಾಲೂ ಅದೇ ಮತ್ತೋಡಿನಲ್ಲಿ ಕೂತು ಜೀವಮಾನವೆಲ್ಲ ಫಿರೋಜಾಬಾದಿನ ಬಳೆ ಮಾರಿದರು. ತಮ್ಮ ಊರಿನಲ್ಲಿ ಬಳೆ ಮಾಡುತ್ತಿದ್ದರು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಅದನ್ನು ನಾವು ಬುಕಾನನ್ನನ ಪುಸ್ತಕ ಓದಿ ಹೇಳಿದಾಗ, ಸುಳ್ಳು ಹೇಳ್ತೀಯ ಎಂದು ನಕ್ಕಿದ್ದರು.

ತಮ್ಮ ಆ ಕಾರ್ಪೆಟ್ಟನ್ನು ಸುತ್ತಿಕೊಂಡು ಅಂಗಡಿಗೆ ಹೋದ. ಬಿಲ್ಲಿನಲ್ಲಿ 'ಪರ್ಷಿಯನ್ ಡಿಸೈನ್' ಎಂದು ಮಾತ್ರ ಬರೆದಿದೆ ಎಂದು ತೋರಿಸಿ ಕಳಿಸಿದರಂತೆ. ಹೋದ ತಿಂಗಳು ಫೋನು ಮಾಡಿ, ನೀವು ಹೇಳಿದ ಚಳ್ಳಕೆರೆಯವರ ನಂಬರು ಕೊಡಿ ಭಾಯಿ ಎಂದ. ಕೊಟ್ಟೆವು. ಮಾತಾಡಿ ನಮಗೆ ಮತ್ತೆ ಫೋನು ಮಾಡಿದ. ಹಾಲ್‌ನ ಅಳತೆಗೆ ಮಗ್ಗ ಸಾಲದು, ಎರಡು ಪಟ್ಟಿ ನೇಯ್ದು ನಡುವೆ ಹೊಲಿಯಬೇಕು ಎಂದರಂತೆ. ಮೂರು ಸಾವಿರ ಮುಂಗಡ ಕೇಳಿದ್ದಾರೆ. ಇವನು ಚೌಕಾಸಿ ಮಾಡಿದನೋ ಇಲ್ಲವೋ ನಾವು ಕೇಳಲಿಲ್ಲ. ಎಷ್ಟು ದಿನ ಆಗುತ್ತದಂತೆ ಎಂದು ಕೇಳಿದೆವು.

'ದಿನ ಹೇಳಲ್ಲ ಭಾಯಿ. ಕರಿ ಉಣ್ಣೆ ಸಿಕ್ಕರೆ ನೇಯ್ದುಕೊಡ್ತೀನಿ ಅಂದ್ರು.'